ದೇವಣಿ ಕರುಗಳಿರುವಲ್ಲಿ ನಮ್ಮ ಮಕ್ಕಳಿಗೂ ಜಾಗ ಕೊಡಿ: ಬೀದರ್ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ತಳದಲ್ಲಿರುವುದು ಈಗ ಯಾರಿಗೂ ಸುದ್ದಿಯಲ್ಲ. 2024ರಲ್ಲಿ ಯಾದಗಿರಿ ಕೊನೆಯದಾಯಿತು, 2025ರಲ್ಲಿ ಕಲಬುರಗಿ. ಬೀದರ್ ಅಲ್ಲಿಲ್ಲ ಎಂದು ಬೀಗುವಂತಹ ಸ್ಥಿತಿಯೇನೂ ನಮ್ಮದಲ್ಲ. ಒಂದು ವಾರ ಚರ್ಚೆ ನಡೆಯುತ್ತದೆ, ನಪಾಸಾದವರು ಎಲ್ಲಿಗೆ ಹೋದರೆಂದು ಮಾತ್ರ ಯಾರೂ ಕೇಳುವುದಿಲ್ಲ. ಔರಾದ್ ತಾಲ್ಲೂಕಿನ ಶಿಕ್ಷಕನಾದ ನಾನು ಹೇಳಬಲ್ಲೆ: ಕೆಲವರು ಗುಳೆ ಹೋಗುವ ತಂದೆತಾಯಿಯ ಜೊತೆ ಹೈದರಾಬಾದಿಗೋ ಪುಣೆಗೋ ಹೋಗುತ್ತಾರೆ. ಹುಡುಗಿಯರಿಗೆ ಗಂಡು ನೋಡುವುದು ಶುರುವಾಗುತ್ತದೆ. ಉಳಿದವರು ಮೊಬೈಲ್ ಹಿಡಿದು ಊರ ಕಟ್ಟೆಯ ಮೇಲೆ ಕುಳಿತಿರುತ್ತಾರೆ, ತಾವು ಯಾವುದಕ್ಕೂ ಬಾರದವರು ಎಂದು ನಂಬಿಕೊಂಡು.

ಇದೇ ಮಕ್ಕಳಿಗೆ ಜಾನುವಾರು ಗೊತ್ತು. ಬೀಜಗಣಿತದಲ್ಲಿ ಸೊನ್ನೆ ತೆಗೆದ ಹುಡುಗ, ಮೆಲುಕು ನಿಲ್ಲಿಸಿದ ಎಮ್ಮೆಯನ್ನು ದೂರದಿಂದಲೇ ಗುರುತಿಸುತ್ತಾನೆ. ಆದರೆ ಈ ತಿಳಿವಳಿಕೆಗೆ ನಾವು ಅಂಕ ಕೊಡುವುದಿಲ್ಲ.

ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ನಮ್ಮ ಬೀದರಿನ ನಂದಿನಗರದಲ್ಲಿ. ನಮ್ಮ ಗಡಿಯಾಚೆಯ, ಮಹಾರಾಷ್ಟ್ರದ ದೇವಣಿ ಊರಿನ ಹೆಸರು ಹೊತ್ತ ದನದ ತಳಿಗೆ ಭಾಲ್ಕಿ ತಾಲ್ಲೂಕಿನಲ್ಲಿ ಸಂಶೋಧನಾ ಕೇಂದ್ರವಿದೆ. ಬಾಳಂಕ್ಯ, ವಾನೇರ, ಶೇವೇರ ಎಂದು ದೇವಣಿಯ ಒಳಬಗೆಗಳನ್ನು ಬಿಡಿಸಿ ಹೇಳಬಲ್ಲ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಆದರೆ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ದನಗಳ ನಡುವೆಯೇ ಬೆಳೆದವರು ಹಾಗಾಗಿ ಗೇಟಿನ ಹೊರಗೇ ಉಳಿಯುತ್ತಾರೆ.

ನನ್ನ ಕೋರಿಕೆ ಸರಳ. ಹದಿನೈದರಿಂದ ಹದಿನೆಂಟರ ಒಳಗಿನ, ಶಾಲೆ ಬಿಟ್ಟ ಮಕ್ಕಳಿಗೆ ಒಂದು ವರ್ಷದ ವ್ಯವಸ್ಥೆ ಮಾಡಿ. ಬೆಳಿಗ್ಗೆ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಅಥವಾ ತಳಿ ಕೇಂದ್ರದಲ್ಲಿ ಕಲಿಕೆ, ಮಧ್ಯಾಹ್ನ ಎಸ್ಸೆಸ್ಸೆಲ್ಸಿ ಮರುಪರೀಕ್ಷೆಗೆ ಪಾಠ, ತಿಂಗಳಿಗೊಂದು ಶಿಷ್ಯವೇತನ. ಶಿಷ್ಯವೇತನವಿಲ್ಲದಿದ್ದರೆ ಈ ಯೋಜನೆ ಕಾಗದದಲ್ಲೇ ಉಳಿಯುತ್ತದೆ, ಗುಳೆ ಹೋಗುವ ಮನೆಗೆ ಮಗನ ದುಡಿಮೆ ಬೇಕಾಗಿರುತ್ತದೆ. ಇದಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬಳಸಬಹುದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371 (ಜೆ) ವಿಧಿ ಬಂದದ್ದು ಬರೀ ಸಮುದಾಯ ಭವನ ಕಟ್ಟಲಿಕ್ಕಲ್ಲ.

ಇದನ್ನು ಓದುವವರಲ್ಲಿ ಕೆಲವರು ಸಿಟ್ಟಾಗುತ್ತಾರೆಂದು ನನಗೆ ಗೊತ್ತು, ಆ ಸಿಟ್ಟು ನ್ಯಾಯವಾದದ್ದೇ. ದಲಿತರ, ಬಡವರ ಮಕ್ಕಳು ಗೌಡರ ದನ ಕಾಯುತ್ತಾ ಜೀತದಲ್ಲಿ ಬಾಲ್ಯ ಕಳೆದದ್ದು ಈ ನೆಲದಲ್ಲೇ. ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಮೊಮ್ಮಕ್ಕಳನ್ನೂ ಸಗಣಿ ಬಾಚಲು ಕಳಿಸಬೇಕೇ ಎಂದು ಅಜ್ಜಂದಿರು ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕು. ಆದ್ದರಿಂದ ಈ ಮಕ್ಕಳನ್ನು ಕೊಟ್ಟಿಗೆ ಗುಡಿಸುವ ಆಳುಗಳನ್ನಾಗಿ ಮಾಡಬೇಡಿ. ಅವರ ಕೈಗೆ ಥರ್ಮಾಮೀಟರ್ ಕೊಡಿ, ದಾಖಲೆ ಪುಸ್ತಕ ಕೊಡಿ. ಹಸುವಿನ ಮೈಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು, ಎಡ ಪಕ್ಕೆಯ ಹಿಂದೆ ಅಂಗೈ ಒತ್ತಿದರೆ ಹೊಟ್ಟೆ ನಿಮಿಷಕ್ಕೆ ಒಂದೆರಡು ಬಾರಿ ಹೊರಳುವುದು ತಿಳಿಯಬೇಕು ಎಂದು ವೈದ್ಯರೇ ಕಲಿಸಲಿ. ಒಂದು ಕರುವಿನ ತೂಕ, ಮೇವು, ಲಸಿಕೆಯ ಲೆಕ್ಕ ಒಬ್ಬ ಹುಡುಗಿಯ ಹೆಸರಿನಲ್ಲಿರಲಿ. ಕೆಚ್ಚಲು ಬಾವನ್ನು ಅವಳು ಮೊದಲೇ ಕಂಡುಹಿಡಿದು ವೈದ್ಯರನ್ನು ಕರೆದರೆ, ಅವಳ ಮಾತಿಗೆ ಊರಿನಲ್ಲಿ ಬೆಲೆ ಬರುತ್ತದೆ. ಆಗ ಮದುವೆ ಮುಂದೂಡಲು ಅವಳ ಅಮ್ಮನಿಗೂ ಒಂದು ನೆಪ ಸಿಗುತ್ತದೆ. (ಬಾಲ್ಯವಿವಾಹದ ವಿರುದ್ಧ ನಾವು ಗೋಡೆ ಮೇಲೆ ಬರೆಸುವ ಘೋಷಣೆಗಳಿಗಿಂತ ಇಂತಹ ನೆಪಗಳನ್ನೇ ನಾನು ಹೆಚ್ಚು ನಂಬುತ್ತೇನೆ.)

ಇನ್ನು ಎಚ್ಚರಿಕೆಯ ಮಾತು. ಎಲ್ಲರಿಗೂ ಮುಂಚಿತವಾಗಿಯೇ ರೇಬಿಸ್ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ಹೋರಿಗಳ ಹತ್ತಿರ ಬಿಡಬಾರದು. ದನದಿಂದ ಮನುಷ್ಯರಿಗೂ ಹರಡುವ ಬ್ರುಸೆಲ್ಲಾ ಸೋಂಕಿನ ಭಯವಿರುವುದರಿಂದ ಗರ್ಭಪಾತವಾದ ಹಸುವನ್ನು ಮುಟ್ಟಿಸಬಾರದು. ರಾತ್ರಿ ಪಾಳಿ ಬೇಡ. ಆಸ್ಪತ್ರೆಯಲ್ಲಿ ಸಿಬ್ಬಂದಿ ಕೊರತೆಯಿದೆ ಎಂದು ಖಾಲಿ ಹುದ್ದೆಗಳ ಕೆಲಸವನ್ನು ಇವರ ತಲೆಗೆ ಕಟ್ಟುವ ಆಸೆ ಯಾವ ಅಧಿಕಾರಿಗೂ ಹುಟ್ಟದಂತೆ ಆದೇಶದಲ್ಲೇ ಬರೆಯಿರಿ.

ಮೊದಲ ವರ್ಷ ಔರಾದ್ ಮತ್ತು ಭಾಲ್ಕಿ ತಾಲ್ಲೂಕುಗಳಲ್ಲಿ ಮಾತ್ರ ನಡೆಸಿ ನೋಡಿ. ಜಿಲ್ಲೆಯ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಗೆ ಪಶುಸಂಗೋಪನೆ ಮತ್ತು ಶಿಕ್ಷಣ, ಎರಡೂ ಇಲಾಖೆಯ ಉಪನಿರ್ದೇಶಕರನ್ನು ಎದುರುಬದುರು ಕೂರಿಸಿ, ಯಾರು ಯಾವ ಖರ್ಚು ಹೊರುತ್ತಾರೆ ಎಂದು ಅಲ್ಲೇ ತೀರ್ಮಾನಿಸಿ. ಶಾಲೆ ಬಿಟ್ಟ ಮಕ್ಕಳ ಪಟ್ಟಿಯನ್ನು ಹಳ್ಳಿವಾರು ತಯಾರಿಸಿಕೊಡುವ ಕೆಲಸ ನಮ್ಮಂತಹ ಶಿಕ್ಷಕರದ್ದು.

ಇಂತಿ,
ಔರಾದ್ ತಾಲ್ಲೂಕಿನ ಒಬ್ಬ ಪ್ರೌಢಶಾಲಾ ಶಿಕ್ಷಕ