ಸಿಪಿಲೆ ಬಂತು, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ಬೆಳಗ್ಗೆ ಬೂದು ಸಿಪಿಲೆ ಹಕ್ಕಿ ಬಂತು. ನೀರಿಗಾಗಿ ಗುಡ್ಡಕ್ಕೆ ಕೊರೆದ ನಮ್ಮ ಸುರಂಗದ ನೀರು ತೋಟಕ್ಕೆ ಹರಿಯುವಲ್ಲಿ, ಕಲ್ಲಿನ ಮೇಲೆ ಬಾಲ ಕುಣಿಸುತ್ತಾ ಹುಳ ಹೆಕ್ಕುತ್ತಿತ್ತು. ಚಿಕ್ಕವಳಿದ್ದಾಗ ನೀನು ಅಡಿಕೆ ಹರಗಿದ ಅಂಗಳದಲ್ಲಿ ಅದರ ಹಿಂದೆ ಓಡುತ್ತಿದ್ದೆ, ನೆನಪುಂಟಾ?

ತೂಗಿದರೆ 20 ಗ್ರಾಂ ಆಸುಪಾಸು. ಹಿಮಾಲಯದ ತೊರೆಗಳ ಬದಿಯಲ್ಲಿ ಮರಿ ಮಾಡುವ ಹಕ್ಕಿ, ಚಳಿಗೆ ಮೊದಲೇ ಕಾಸರಗೋಡಿನ ತನಕ ಹಾರಿ ಬರುತ್ತದೆ. ಕಾಲಿಗೆ ಉಂಗುರ ಹಾಕಿ ನೋಡಿದ್ದಾರೆ, ಅದೇ ಹಕ್ಕಿ ಅದೇ ಜಾಗಕ್ಕೆ ಮತ್ತೆ ಬರುವುದುಂಟು.

ಆಮೇಲೆ ನೀನು ಕೆನಡಾದ ಸಾಸ್ಕಟೂನ್‌ನಿಂದ ಕಳಿಸಿದ ವಿಡಿಯೋ ಇನ್ನೊಮ್ಮೆ ನೋಡಿದೆ. ಹುಲ್ಲಿನ ನಡುವೆ ಗೂಟ ನೆಟ್ಟ ಹಾಗೆ ನಿಂತ ಆ ರಿಚರ್ಡ್‌ಸನ್ ನೆಲ ಅಳಿಲು! ನಮ್ಮ ತೆಂಗಿನ ಮರದ ಅಳಿಲಿನ ಹಾಗೆ ಬೆನ್ನಲ್ಲಿ ಗೆರೆ ಇಲ್ಲ. ಅದಕ್ಕೂ ಅಲ್ಲಿಯ ಚಳಿ ತಡೆಯದು, ಆದರೆ ಊರು ಬಿಡುವುದಿಲ್ಲ. ತಿಂದು ಕೊಬ್ಬಿ ಮಣ್ಣಿನೊಳಗೆ ಸೇರುತ್ತದೆ. ದೊಡ್ಡ ಗಂಡುಗಳು ಜೂನ್‌ನಲ್ಲೇ ಮಲಗಲು ಶುರು ಮಾಡುತ್ತವಂತೆ, ಹೊರಗೆ ಇನ್ನೂ ಬಿಸಿಲಿರುವಾಗಲೇ! ಏಳುವುದು ಮಾರ್ಚ್ ಹೊತ್ತಿಗೆ. ಮೈ ಮಣ್ಣಿನಷ್ಟೇ ತಣ್ಣಗಾಗುತ್ತದೆ. ನನಗೆ ಜಾಸ್ತಿ ಸೋಜಿಗವಾದದ್ದು ಬೇರೆ. ನಡುಚಳಿಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಅದು ಎಚ್ಚರವಾಗುತ್ತದೆ. ಮೈ ಪೂರ್ತಿ ಬಿಸಿಯಾಗುತ್ತದೆ. ಕೆಲವು ಗಂಟೆ ಹಾಗಿದ್ದು ಮತ್ತೆ ತಣ್ಣಗಾಗುತ್ತದೆ. ಕೂಡಿಟ್ಟ ಕೊಬ್ಬಿನ ದೊಡ್ಡ ಪಾಲು ಆ ಎಚ್ಚರಕ್ಕೇ ಖರ್ಚು.

ಅದರ ಬಗ್ಗೆ ಓದುತ್ತಾ ಹೋದಾಗ ಒಂದು ಕಡೆ ಸುಮ್ನೆ ಕೂತುಬಿಟ್ಟೆ. ಆ ಅಳಿಲುಗಳಲ್ಲಿ ಗಂಡುಮಕ್ಕಳು ದೂರ ಹೋಗುತ್ತವೆ. ಹೆಣ್ಣುಮಕ್ಕಳು ಅಮ್ಮನ ಬಿಲದ ಹತ್ತಿರವೇ ಬಿಲ ಮಾಡಿಕೊಳ್ಳುತ್ತವೆ. ಅಮ್ಮ, ಅಕ್ಕ, ತಂಗಿ ಎಲ್ಲ ಅಕ್ಕಪಕ್ಕ. ಹಾಡುಹಕ್ಕಿಗಳಲ್ಲಿ ಹೆಚ್ಚಾಗಿ ಇದರ ಉಲ್ಟಾ. ಹುಟ್ಟಿದ ಗೂಡಿನಿಂದ ಜಾಸ್ತಿ ದೂರ ಹೋಗಿ ನೆಲೆ ನಿಲ್ಲುವುದು ಹೆಣ್ಣೇ.

ಅಳಿಲಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಪುಟ್ಟಿ. ನಿಜ ಹೇಳುತ್ತೇನೆ. ನೀನು ಹೊರಟ ದಿನ ಅಳಬಾರದು ಅಂತ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ ನಾನು. ಆದರೆ ನೀನು ಆ ಬಿಲದಲ್ಲಿ ಇರುವವಳಲ್ಲ. ಓದಬೇಕು ಅಂತ ಹಟ ಹಿಡಿದಾಗಲೇ ನನಗೆ ಗೊತ್ತಾಗಿತ್ತು. ಹೋದದ್ದು ಒಳ್ಳೆಯದೇ ಆಯಿತು.

ಡಿಸೆಂಬರಿಗೆ ಟಿಕೆಟ್ ಸಿಕ್ಕಿತಾ? ಸಿಪಿಲೆ ಮಾರ್ಚ್ ತನಕ ಇಲ್ಲೇ ಇರುತ್ತದೆ. ನಿನ್ನ ಕೋಣೆಯ ಕಿಟಕಿಯಿಂದ ಆ ಕಲ್ಲು ಕಾಣುವ ಹಾಗೆ ಅಪ್ಪ ಬಾಳೆಯ ಎಲೆ ಕಡಿದಿದ್ದಾರೆ.

ನಿನ್ನ
ಅಮ್ಮ