ಎಪಿಕೆ ವಂಚನೆ: ಮುಂದೇನು ಮಾಡಬೇಕೆಂಬುದನ್ನೂ ಬರೆಯಿರಿ

ಮಾನ್ಯರೇ,

‘ಲಿಂಕ್ ಒತ್ತಿದ ಕೂಡಲೇ ಹಣ ಮಾಯ’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತಿದೆ. ಓದಿದವರಿಗೆ ಹೆದರಿಕೆ ಹುಟ್ಟುತ್ತದೆಯೇ ಹೊರತು ಹಣ ಹೋದದ್ದು ಹೇಗೆಂದು ತಿಳಿಯುವುದಿಲ್ಲ.

ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಎಂದು ವಾಟ್ಸ್‌ಆ್ಯಪ್‌ಗೆ ಬರುವ ಫೈಲ್‌ನ ಹೆಸರು ‘.ಎಪಿಕೆ’ ಎಂದು ಮುಗಿದರೆ ಅದು ಆಂಡ್ರಾಯ್ಡ್ ಆ್ಯಪ್. ನಿಜವಾದ ಲಗ್ನಪತ್ರಿಕೆ ಫೋಟೊ ಅಥವಾ ಪಿಡಿಎಫ್ ಆಗಿರುತ್ತದೆ, ಅದನ್ನು ನೋಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಪರಿಚಿತರ ನಂಬರಿನಿಂದ ಬಂದಿದೆ ಎಂದು ನಂಬುವಂತಿಲ್ಲ; ಅವರ ಫೋನ್ ಮೊದಲೇ ವಂಚಕರ ಕೈ ಸೇರಿರಬಹುದು. ಇನ್‌ಸ್ಟಾಲ್ ಆದ ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ‘ಅಲೋ’ ಒತ್ತಿದರೆ ಒಟಿಪಿಗಳು ನೇರ ವಂಚಕರಿಗೆ ಹೋಗುತ್ತವೆ. ‘ಒಟಿಪಿ ಯಾರಿಗೂ ಹೇಳಿಲ್ಲ, ಆದರೂ ಹಣ ಹೋಯಿತು’ ಎನ್ನುವವರ ಮಾತು ಸುಳ್ಳಲ್ಲ. ದಯವಿಟ್ಟು ಅವರನ್ನು ಪೆದ್ದರಂತೆ ಚಿತ್ರಿಸಬೇಡಿ.

ಇನ್‌ಸ್ಟಾಲ್ ಆಗಿಬಿಟ್ಟಿದ್ದರೆ ಮೊದಲು ಮೊಬೈಲ್ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ, ಅದರಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಕರೆ ಮಾಡಿ. ಹಣ ಹೋದ ಸಮಯ, ಮೊತ್ತ, ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ ಕೈಯಲ್ಲಿರಲಿ. 1930ಕ್ಕೆ ಹೇಳಿದರೆ ಸಾಕೆಂದು ಬ್ಯಾಂಕನ್ನು ಬಿಡಬೇಡಿ. ತಪ್ಪು ಗ್ರಾಹಕನದೇ ಆಗಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲೇ ಹೇಳಿದೆ. ಆದ್ದರಿಂದ ದೂರು ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಪಾಸ್‌ವರ್ಡ್, ಯುಪಿಐ ಪಿನ್ ಬದಲಿಸುವುದೂ ಬೇರೆ ಫೋನಿನಿಂದಲೇ ಆಗಲಿ.

ಈ ಆ್ಯಪ್‌ಗಳು ಐಕಾನ್ ಬಚ್ಚಿಡುವುದುಂಟು. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹುಡುಕಿ. ‘ಅನ್‌ಇನ್‌ಸ್ಟಾಲ್’ ಗುಂಡಿ ಮಂಕಾಗಿದ್ದರೆ ‘ಡಿವೈಸ್ ಅಡ್ಮಿನ್’ ಪಟ್ಟಿಯಲ್ಲಿ ಅದಕ್ಕಿರುವ ಅಧಿಕಾರವನ್ನು ಮೊದಲು ತೆಗೆಯಬೇಕು. ಫ್ಯಾಕ್ಟರಿ ರೀಸೆಟ್ ಇನ್ನೂ ಸುರಕ್ಷಿತ, ಆದರೆ ಗಡಿಬಿಡಿಯಲ್ಲಿ ಮಾಡಿದರೆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಬಂದ ಸಂದೇಶ, ಫೈಲ್‌ನ ಹೆಸರು, ಕಳುಹಿಸಿದ ನಂಬರ್ ಇವುಗಳ ಫೋಟೊವನ್ನು ಇನ್ನೊಂದು ಫೋನಿನಲ್ಲಿ ತೆಗೆದಿಟ್ಟುಕೊಂಡೇ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ.

ಕದ್ದ ಹಣ ಮೊದಲು ಸೇರುವುದು ‘ಮ್ಯೂಲ್’ ಖಾತೆಗೆ, ಅಂದರೆ ಕಮಿಷನ್ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟ ಖಾತೆಗೆ. ಅಲ್ಲಿಂದ ಅದು ನಿಮಿಷಗಳಲ್ಲಿ ನಾಲ್ಕಾರು ಖಾತೆಗಳಿಗೆ ಹಂಚಿಹೋಗುತ್ತದೆ. ತಡವಾದಷ್ಟೂ ತಡೆಹಿಡಿಯಲು ಉಳಿಯುವ ಮೊತ್ತ ಕಡಿಮೆ. ಇಂಥ ಪ್ರತಿ ಸುದ್ದಿಯ ಕೆಳಗೂ 1930 ಸಂಖ್ಯೆಯನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ದಾವಣಗೆರೆ