ಕಪ್ಪು ಗೆರೆಗೆ ಬೆನ್ನಾಗಿ ನಿಂತವರಿಗೆ

ಶರಣು ಶರಣಾರ್ಥಿ. ನಮ್ಮ ಬಳಗದ 48 ಪುಟಗಳ ಕಪ್ಪು-ಬಿಳುಪು ಚಿತ್ರಕಥೆ ಕಲಬುರಗಿಯಲ್ಲೇ ಅಚ್ಚಾಗಿ ಕೈಗೆ ಬಂದಿದೆ. ಓದಿದವರು ಕಥೆ ಬರೆದವರನ್ನೂ ಚಿತ್ರ ಬಿಡಿಸಿದವರನ್ನೂ ಮೆಚ್ಚಿ ಮಾತಾಡುತ್ತಿದ್ದಾರೆ, ಸಂತೋಷ. ಆದರೆ ಪುಟದಲ್ಲಿ ಕಾಣುವ ಒಂದೊಂದು ಗೆರೆಯೂ ಇಂಕಿಂಗ್ (ಪೆನ್ಸಿಲ್ ಚಿತ್ರದ ಮೇಲೆ ನಿಬ್ಬು, ಕುಂಚದಿಂದ ಕಪ್ಪು ಇಂಕಿನ ಗೆರೆ ಎಳೆಯುವ ಕೆಲಸ) ಮಾಡಿದವರ ಕೈಯದು. ಪೆನ್ಸಿಲ್ ಗೆರೆ ಒಂದೂ ಅಚ್ಚಿಗೆ ಹೋಗಿಲ್ಲ. ಆ ಕೆಲಸಕ್ಕೆ ನೆರವಾದವರನ್ನೆಲ್ಲ ನೆನೆಯಲು ಪುಸ್ತಕದಲ್ಲಿ ಜಾಗ ಸಾಲಲಿಲ್ಲ, ಅದಕ್ಕೇ ಈ ಬರಹ.

ಮೊದಲ ನಮಸ್ಕಾರ ಬೀದರ್‌ನಲ್ಲಿ ಕೂತು ಪೆನ್ಸಿಲ್ ಚಿತ್ರ ಬಿಡಿಸಿದ ಅಕ್ಕನಿಗೆ. ಪೂರ್ತಿ ಕಪ್ಪು ತುಂಬಬೇಕಾದ ಕಡೆಯೆಲ್ಲ ಅವರು ತಪ್ಪದೆ ‘ಎಕ್ಸ್’ ಗುರುತು ಹಾಕಿದ್ದರು. ಆ ಗುರುತಿಲ್ಲದಿದ್ದರೆ ನೆರಳು ಯಾವುದು, ಸೀರೆಯ ಮಡಿಕೆ ಯಾವುದು ಎಂದು ಇಂಕರ್ ಊಹಿಸಬೇಕಾಗುತ್ತದೆ. ಊಹೆ ತಪ್ಪಿದರೆ ಒಂದೇ ಮುಖಕ್ಕೆ ಎರಡು ದಿಕ್ಕಿನಿಂದ ಬೆಳಕು ಬಿದ್ದಂತಾಗುತ್ತದೆ. ಮೂಲ ಹಾಳೆಯ ಬದಲು 600 ಡಿಪಿಐ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಬರುತ್ತಿತ್ತು. ಅದನ್ನು ತಿಳಿನೀಲಿ ಮಾಡಿ ಎ3 ಹಾಳೆಯ ಮೇಲೆ ಪ್ರಿಂಟ್ ತೆಗೆದು, ಅದರ ಮೇಲೆ ಇಂಕ್ ಹಾಕುವುದು. ಆಮೇಲೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಬ್ಲೂ ಚಾನೆಲ್ (ಚಿತ್ರದ ನೀಲಿ ಬೆಳಕಿನ ಪದರ) ಒಂದನ್ನೇ ಇಟ್ಟುಕೊಂಡರೆ, ಅದರಲ್ಲಿ ತಿಳಿನೀಲಿಯೂ ಬಿಳಿಯಂತೆ ಕಾಣುವುದರಿಂದ, ನೀಲಿ ಬಹುಮಟ್ಟಿಗೆ ಮಾಯವಾಗಿ ಕಪ್ಪು ಉಳಿಯುತ್ತದೆ. ರಬ್ಬರ್ ಉಜ್ಜುವುದೇ ಬೇಡ. ಉಜ್ಜಿದರೆ ಇಂಕಿನ ಕಪ್ಪೂ ಮಂಕಾಗುತ್ತದೆ.

ದೂರ ಕೂತು ಮಾಡಬಹುದಾದ ವೃತ್ತಿ ಇದು. ಅಮೆರಿಕದ ಚಿತ್ರಕಥೆ ಕಲಾವಿದ ಜ್ಯಾಕ್ ಕರ್ಬಿ ಅವರ ‘ಫೆಂಟಾಸ್ಟಿಕ್ ಫೋರ್’ ಕಾಮಿಕ್ಸಿನ ಪೆನ್ಸಿಲ್ ಪುಟಗಳಿಗೆ ಇಂಕ್ ಹಾಕಿ ಹೆಸರಾದ ಜೋ ಸಿನ್ನೊಟ್ (1926–2020) ನ್ಯೂಯಾರ್ಕ್ ರಾಜ್ಯದ ಸಾಗರ್ಟೀಸ್ ಎಂಬ ಊರಿನ ಮನೆಯಲ್ಲಿದ್ದುಕೊಂಡೇ ದುಡಿದವರು. ಪುಟಗಳು ಅಂಚೆಯಲ್ಲಿ ಬಂದು ಹೋಗುತ್ತಿದ್ದವು. 2019ರಲ್ಲಿ ಅವರು ಕೆಲಸ ನಿಲ್ಲಿಸುವಾಗ ವಯಸ್ಸು ತೊಂಬತ್ತು ದಾಟಿತ್ತು. ಇಂಕಿಂಗ್ ಕಲಿಯುವ ನಮ್ಮ ಭಾಗದ ಹುಡುಗರು ಊರು ಬಿಡಲೇಬೇಕೆಂದು ಯಾರಾದರೂ ಅಂದರೆ ನಾವು ಇವರನ್ನೇ ತೋರಿಸುತ್ತೇವೆ.

ಸೂಪರ್ ಮಾರ್ಕೆಟ್ ಕಡೆಯ ಝೆರಾಕ್ಸ್ ಅಂಗಡಿಯ ಅಣ್ಣನ ಉಪಕಾರ ದೊಡ್ಡದು. ನೀಲಿ ಪ್ರಿಂಟ್ ಲೇಸರ್ ಯಂತ್ರದಲ್ಲಿ ತೆಗೆದರೆ ಟೋನರ್ (ಆ ಯಂತ್ರದ ಪುಡಿ ಮಸಿ) ಪ್ಲಾಸ್ಟಿಕ್ ಪದರದಂತೆ ಕೂತು, ಮೇಲೆ ಬಿದ್ದ ಇಂಕ್ ಹನಿಹನಿಯಾಗಿ ಸರಿಯುತ್ತದೆ. ಅವರು ಇಂಕ್‌ಜೆಟ್‌ನಲ್ಲಿ, ಬಣ್ಣವನ್ನು ಶೇ. 15–20ಕ್ಕೆ ಇಳಿಸಿ, 200 ಜಿಎಸ್‌ಎಂ ದಪ್ಪ ಹಾಳೆಯನ್ನು ಮಡಚದಂತೆ ಹಿಂದಿನ ಟ್ರೇಯಿಂದ ಒಂದೊಂದಾಗಿ ಹಾಕಿ ಕೊಟ್ಟರು.

ಇನ್ನು ಬೇಸಿಗೆ. ನಲವತ್ತು ಡಿಗ್ರಿ ದಾಟಿದ ಕಲಬುರಗಿ ಬಿಸಿಲಲ್ಲಿ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ನಿಬ್ಬಿನ ಸೀಳಿನಲ್ಲೇ ಒಣಗಿ ಗೆರೆ ನಡುವೆ ತುಂಡಾಗುತ್ತದೆ, ಫ್ಯಾನ್ ಗಾಳಿಗೆ ಇನ್ನೂ ಬೇಗ. ಬಾಟಲಿಗೆ ನಿಬ್ ಅದ್ದಬೇಡಿ, ಮುಚ್ಚಳದಷ್ಟು ಇಂಕ್ ಬೇರೆ ಸುರಿದುಕೊಂಡು ಎರಡು-ಮೂರು ಹನಿ ಡಿಸ್ಟಿಲ್ಡ್ ನೀರು ಬೆರೆಸಿ, ಉಳಿದದ್ದನ್ನು ಮರಳಿ ಬಾಟಲಿಗೆ ಹಾಕಬೇಡಿ ಎಂದು ಹೇಳಿಕೊಟ್ಟವರು ಆರ್ಟ್ ಸಾಮಾನಿನ ಅಂಗಡಿಯ ಕಾಕಾ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದನ್ನು ಟೂತ್‌ಪೇಸ್ಟ್‌ನಿಂದ ಉಜ್ಜಿ ತೊಳೆಯದಿದ್ದರೆ ಇಂಕ್ ಹಿಡಿಯುವುದೇ ಇಲ್ಲ. ಕುಂಚವನ್ನು ಅರ್ಧ ಕೂದಲಿನವರೆಗೆ ಮಾತ್ರ ಅದ್ದಬೇಕು. ತಗಡಿನ ಕೊರಳೊಳಗೆ ಇಂಕ್ ಒಣಗಿತೆಂದರೆ ಕೂದಲು ಬಿರಿದು ಮೊನೆ ಎರಡಾಗುತ್ತದೆ, ಆಮೇಲೆ ಅದು ಕಪ್ಪು ತುಂಬಲಷ್ಟೇ ಸೈ. ಅಂಗೈ ಬೆವರು ಹಾಳೆಗೆ ತಗುಲಿದ ಕಡೆ ಇಂಕ್ ಕೂರುವುದಿಲ್ಲವಾದ್ದರಿಂದ ಕೈಯಡಿಗೆ ಒಂದು ತುಂಡು ಕಾಗದ ಇರಲೇಬೇಕು.

ಬೀದರ್‌ನ ಬಿದ್ರಿ ಉಸ್ತಾದರಿಗೆ ವಿಶೇಷ ವಂದನೆ. ಮೈಲುತುತ್ತದ ನೀರಿನಿಂದ ಕಪ್ಪಾಗಿಸಿದ ಹೂಜಿಯ ಮೇಲೆ ಅವರು ಬಳ್ಳಿ ಕೊರೆಯುವಾಗ ಉಳಿ ಹಿಡಿದ ಕೈ ಹೆಚ್ಚು ಹೊರಳುವುದಿಲ್ಲ, ಹೂಜಿಯೇ ತಿರುಗುತ್ತದೆ. ಬಾಗಿದ ಗೆರೆಗೆ ಮಣಿಕಟ್ಟು ತಿರುಚದೆ ಹಾಳೆ ತಿರುಗಿಸುವುದನ್ನು ನಮ್ಮ ಇಂಕರ್‌ಗಳು ಅವರೆದುರು ಕೂತು ರೂಢಿ ಮಾಡಿಕೊಂಡರು. ನಿಬ್ಬನ್ನು ತಮ್ಮ ಕಡೆಗೆ ಎಳೆದರೆ ಸೀಳು ಸರಿಯಾಗಿ ಬಿಚ್ಚಿ ಗೆರೆ ದಪ್ಪವಾಗುತ್ತದೆ, ಎದುರಿಗೆ ದೂಡಿದರೆ ಕಾಗದದ ನಾರು ಕಿತ್ತು ಇಂಕ್ ಸಿಡಿಯುತ್ತದೆ.

ಮುದ್ರಣಾಲಯದವರು ಆರ್‌ಜಿಬಿ (ಕೆಂಪು-ಹಸಿರು-ನೀಲಿಯಲ್ಲಿ ಬಣ್ಣ ಹಿಡಿದಿಡುವ) ಫೈಲ್ ತೆಗೆದುಕೊಳ್ಳಲು ಒಪ್ಪದೆ ನಮ್ಮನ್ನು ಉಳಿಸಿದರು. ಹಾಗೇ ಕೊಟ್ಟಿದ್ದರೆ ಕಪ್ಪು ನಾಲ್ಕು ಬಣ್ಣಗಳ ಅಚ್ಚಿನ ಪ್ಲೇಟುಗಳಿಗೆ ಹಂಚಿಹೋಗಿ, ಕೂದಲೆಳೆ ಜರುಗಿದರೂ ಗೆರೆಯ ಅಂಚಿಗೆ ಬಣ್ಣ ಇಣುಕುತ್ತಿತ್ತು. ಒಂದೇ ಕಪ್ಪು ಪ್ಲೇಟು, 1200 ಡಿಪಿಐ ಬಿಟ್‌ಮ್ಯಾಪ್ (ಬೂದು ಛಾಯೆ ಇಲ್ಲದ, ಬರೀ ಕಪ್ಪು-ಬಿಳುಪಿನ ಫೈಲ್) ಎಂದು ಪಟ್ಟು ಹಿಡಿದರು. ಎ3 ಚಿತ್ರ ಎ4ಕ್ಕೆ ಇಳಿದಾಗ 0.2 ಮಿ.ಮೀ. ಗೆರೆ 0.14 ಆಗುತ್ತದೆ, ಅದಕ್ಕಿಂತ ಸಣ್ಣದು ಬೇಡ, ಒತ್ತೊತ್ತಾಗಿ ಎಳೆದ ಗೆರೆಗಳು ಅಚ್ಚಿನಲ್ಲಿ ಕೂಡಿಕೊಂಡು ಮಸಿಯ ಮುದ್ದೆಯಾಗುತ್ತವೆ ಎಂದು ಮೊದಲೇ ಎಚ್ಚರಿಸಿದ್ದೂ ಅವರೇ.

ಫ್ಯಾನ್ ಬಂದ್ ಮಾಡಿದ ಕೋಣೆಯಲ್ಲಿ ನಮ್ಮೊಂದಿಗೆ ಬೆಂದ ಮನೆಯವರಿಗೆ ಋಣಿ. ಇಂಕ್ ಹಾಕಿದ ಮೂಲ ಹಾಳೆಗಳನ್ನು ಹಾಗೇ ಕಾಯ್ದಿಟ್ಟಿದ್ದೇವೆ. ಕಲಿಯಬೇಕೆನ್ನುವವರು ಬಂದು, ಅಚ್ಚಾದ ಪುಟವನ್ನು ಪಕ್ಕಕ್ಕಿಟ್ಟುಕೊಂಡು ಯಾವ ಗೆರೆ ಉಳಿದಿದೆ, ಯಾವುದು ಕರಗಿದೆ ಎಂದು ಹೋಲಿಸಿ ನೋಡಬಹುದು.